ಹಸಿರು ಏರದ ಅಂಚು

ವಿಜಯಪುರ
೨ ಫೆಬ್ರುವರಿ ೨೦೨೫

ಪೂಜ್ಯ ಅಬ್ದುಲಸಮದ ಸರ್ ಅವರಿಗೆ ವಿದ್ಯಾವತಿಯ ನಮಸ್ಕಾರಗಳು.

ನಿಮಗೆ ಫೋನ್ ಮಾಡಿ ಉಪಯೋಗವಿಲ್ಲ ಎಂದು ನಿಮ್ಮ ಮಗಳು ತಬಸ್ಸುಮ ಅಕ್ಕ ಹೇಳಿದರು. ಕಿವಿಯ ಮಷೀನನ್ನು ಡ್ರಾದಲ್ಲಿಟ್ಟು ಕೀಲಿ ಹಾಕಿದ್ದೀರಂತೆ. ಮೊಬೈಲ್ ನೋಡಿದರೆ ಕಣ್ಣಲ್ಲಿ ನೀರು ಬರುತ್ತದಂತೆ. ಹಾಗಾಗಿ ಕಾಗದವೇ ಗತಿ. ಔಷಧದ ಚೀಟಿ ಬರೆದು ಬರೆದು ನನ್ನ ಅಕ್ಷರ ಕೋಳಿ ಕೆದರಿದ ಹಾಗಾಗಿದೆ. ನಿಮ್ಮ ಕೈಕೆಳಗೆ ಸರ್ಜರಿ ಕಲಿಯುವಾಗಲೂ ಹಾಗೇ ಇತ್ತು ಎಂದು ನಗುತ್ತೀರಿ, ನಗಿ.

ಸರ್, ನನಗೆ ಮನುಷ್ಯರ ಬಾಯಿ ಕಂಡರೆ ಹೇಸಿಗೆಯಾಗುತ್ತಿದೆ. ಹರಿದ ಮುಖ, ಸುಟ್ಟ ಕೈ ಹೊಲಿದು ಸರಿಮಾಡೋಣ ಎಂದು ಈ ಊರಿಗೆ ವಾಪಸು ಬಂದೆ. ಬಂದು ನೋಡಿದರೆ ದಿನ ಬೆಳಗಾದರೆ ಬಾಯಿ. ಗುಟ್ಕಾ ತಿಂದು ಕೊಳೆತ ಬಾಯಿ, ಎರಡು ಬೆರಳೂ ಹಿಡಿಯದ ಬಾಯಿ, ಕೆನ್ನೆಗೆ ತೂತು ಬಿದ್ದು ಕುಡಿದ ಚಹಾ ಅಂಗಿಯ ಮೇಲೆ ಸುರಿಯುವ ಬಾಯಿ. ಕ್ಯಾನ್ಸರ್ ಕತ್ತರಿಸಿ ತೆಗೆಯುವವರು ಬೇರೆಯವರು. ಕತ್ತರಿಸಿದ ಜಾಗಕ್ಕೆ ಮೈಯ ಬೇರೆ ಕಡೆಯಿಂದ ಮಾಂಸ ತಂದು ತುಂಬುವವಳು ನಾನು. ಅದನ್ನು ಮುಗಿಸಿ ಹೊರಗೆ ಬಂದರೆ ರೋಗಿಯ ತಮ್ಮನೇ ಮೆಟ್ಟಿಲ ಮೂಲೆಗೆ ಪಿಚಕ್ಕೆಂದು ಉಗುಳುತ್ತಿರುತ್ತಾನೆ. ಗಾಂಧಿ ಚೌಕದಿಂದ ಆಟೋ ಹತ್ತಿದರೆ ಡ್ರೈವರ್ ಉಗುಳಿದ್ದು ಗಾಳಿಗೆ ನನ್ನ ಕಡೆಗೇ ಬರುತ್ತದೆ.

ಹೆಂಗಸರದು ಇನ್ನೊಂದು ತರಹ. "ತಂಬಾಕು ತಿಂತೀರೇನು?" ಎಂದರೆ "ಶಿವಶಿವಾ, ನಾವ್ಯಾಕ ತಿನ್ನೂನ್ರಿ!" ಎನ್ನುತ್ತಾರೆ. "ಮಶೇರಿ?" ಎಂದರೆ "ಹೂಂ, ಅದು ಹಲ್ಲ ತಿಕ್ಕೂದಲ್ಲೇನ್ರಿ?" ತಂಬಾಕಿನ ಎಲೆಯನ್ನೇ ಹಂಚಿನ ಮೇಲೆ ಕಪ್ಪಗೆ ಹುರಿದು, ಪುಡಿ ಮಾಡಿ, ಬೆರಳಲ್ಲಿ ಒಸಡಿಗೆ ಉಜ್ಜುತ್ತ ಅರ್ಧ ತಾಸು ಕೂಡುತ್ತಾರೆ, ಆದರೂ ಅದು ತಂಬಾಕಲ್ಲ! ಅದಕ್ಕೇ ನಾನು ಪ್ರತಿ ಹೆಂಗಸಿಗೂ ಎರಡು ಪ್ರಶ್ನೆ ಬೇರೆ ಬೇರೆಯಾಗಿ ಕೇಳುತ್ತೇನೆ. ಇಲ್ಲಿ ಹಾಗೆ ಕೇಳುವವಳು ನಾನೊಬ್ಬಳೇ. ಜಂಬ ಎಂದರೂ ಅನ್ನಿ.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮಲ್ಲಿ ಹೊಸ ಕ್ಯಾಮೆರಾ ಬಂದಿದೆ. ಹಸಿರು ಬಣ್ಣದ ಔಷಧವನ್ನು ನೀರಲ್ಲಿ ಕರಗಿಸಿ ರಕ್ತಕ್ಕೆ ಬಿಡುವುದು, ಕಣ್ಣಿಗೆ ಕಾಣದ ಬೆಳಕನ್ನು ಮಾಂಸದ ಮೇಲೆ ಹಾಯಿಸುವುದು. ರಕ್ತ ಹರಿದ ಕಡೆಯೆಲ್ಲ ಪರದೆಯ ಮೇಲೆ ಹಸಿರಾಗಿ ಹೊಳೆಯುತ್ತದೆ. ಹರಿಯದ ಕಡೆ ಕತ್ತಲೆ. ಒಂದು ನಿಮಿಷದೊಳಗೆ ಗೊತ್ತಾಗಿಬಿಡುತ್ತದೆ. ನಮ್ಮ ವಿಭಾಗದ ಮುಖ್ಯಸ್ಥ ಡಾಕ್ಟರ್ ಅರುಣಕುಮಾರ ಅವರಿಗಂತೂ ಮಗು ಹುಟ್ಟಿದಷ್ಟು ಸಂಭ್ರಮ. ಆಸ್ಪತ್ರೆಯ ಬಾಗಿಲಿಗೆ ಫ್ಲೆಕ್ಸ್ ಕಟ್ಟಿಸಿದ್ದಾರೆ, ಅದರಲ್ಲಿ ಕ್ಯಾಮೆರಾಕ್ಕಿಂತ ಅವರ ಫೋಟೊ ದೊಡ್ಡದು.

ಬುಧವಾರ ಮೊದಲ ಆಪರೇಷನ್. ಹೊನವಾಡದ ಮುರಿಗೆವ್ವ ಎಂಬ ಹೆಂಗಸು, ಅರವತ್ತರ ಆಸುಪಾಸು. ಎಡಗಡೆಯ ಒಸಡು, ದವಡೆಯ ಸ್ವಲ್ಪ ಭಾಗ, ಕೆನ್ನೆ ಹೋಗುತ್ತದೆ. ಅಲ್ಲಿಗೆ ತೊಡೆಯ ಮಾಂಸವನ್ನು ಚರ್ಮ ಮತ್ತು ರಕ್ತನಾಳದ ಸಮೇತ ತಂದು ಕೂಡಿಸುತ್ತೇನೆ. ಹಾಗೆಂದಾಗ ಅವಳು, "ಬಾಯಾಗ ತೊಡಿ ಇಡತಿಯಾ? ಹೇಸಿ! ನಾಳೆ ನಾ ಮಾತಾಡಿದರ ಮಂದಿ ಏನ ಅಂದಾರು?" ಎಂದಳು. ಬಾಯಿ ಜೋರಿನ ಹೆಂಗಸು. ಮಾಂಸ ಹಿಡಿಯದಿದ್ದರೆ ಅವಳಿಗೆ ಮಾತೂ ಇಲ್ಲ, ರೊಟ್ಟಿಯೂ ಇಲ್ಲ.

ನನ್ನ ಪ್ರಶ್ನೆ ಇಷ್ಟೇ: ಅಂಚಿನಲ್ಲಿ ಹಸಿರು ನಿಧಾನವಾಗಿ ಏರಿದರೆ ಎಷ್ಟು ಕಾಯಬೇಕು? ಪರದೆಯನ್ನು ನಂಬಲೋ, ಕಣ್ಣನ್ನು ನಂಬಲೋ?

ನಿಮ್ಮ
ವಿದ್ಯಾವತಿ


ಕಾರವಾರ
೬ ಫೆಬ್ರುವರಿ ೨೦೨೫

ವಿದ್ಯಾ ಬೇಟಿ,

ಕಾಗದ ನಿನ್ನೆ ಸಂಜೆ ಬಂತು. ಅಷ್ಟರಲ್ಲಿ ನಿನ್ನ ಆಪರೇಷನ್ ಮುಗಿದೇ ಹೋಗಿರಬೇಕು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ ನನ್ನ ಬುದ್ಧಿಮಾತು. ಆದರೂ ಕೇಳಿದ್ದೀಯ, ಹೇಳುತ್ತೇನೆ. ನಮ್ಮ ಕಾಲದಲ್ಲಿ ಸೂಜಿಯಿಂದ ಚುಚ್ಚಿ ರಕ್ತದ ಬಣ್ಣ ನೋಡುತ್ತಿದ್ದೆವು. ಕೆಂಪಗೆ ಬಂದರೆ ಸೈ. ಕಪ್ಪಗೆ ಬಂದರೆ ಒಳಗೆ ಬಂದ ರಕ್ತ ಹೊರಗೆ ಹೋಗುತ್ತಿಲ್ಲ. ಏನೂ ಬರದಿದ್ದರೆ ದೇವರ ಹೆಸರು ಹೇಳಿ ಕತ್ತರಿಸುವುದು. ನಿನ್ನ ಪರದೆ ಇನ್ನೂ ಚೆನ್ನಾಗಿ ತೋರಿಸಬಹುದು, ಬೇಡವೆನ್ನುವುದಿಲ್ಲ. ಆದರೆ ಅದು ತೋರಿಸುವುದು ಆ ಗಳಿಗೆಯನ್ನು ಮಾತ್ರ. ಮರುದಿನ ಏನಾಗುತ್ತದೆಂದು ಹಾಸಿಗೆಯ ಪಕ್ಕ ಕೂತವನೇ ನೋಡಬೇಕು.

ಹೇಸಿಗೆಯ ಬಗ್ಗೆ ಬರೆದಿದ್ದೀಯ. ನಮ್ಮ ಕೆಲಸದಲ್ಲಿ ಹೇಸಿಗೆ ಬರುವುದು ತಪ್ಪಲ್ಲ, ರೋಗಿಗೆ ಅದು ಕಾಣಬಾರದು ಅಷ್ಟೇ. ನಿನಗೆ ಮಾಸ್ಕ್ ಹಾಕಿದರೂ ಹುಬ್ಬಿನಲ್ಲೇ ಎಲ್ಲ ಕಾಣುತ್ತದೆ. ವಾರ್ಡಿನ ಹೆಂಗಸರು ನಿನ್ನ ಬೆನ್ನ ಹಿಂದೆ "ಆ ಹುಬ್ಬಿನ ಡಾಕ್ಟರಬಾಯಿ" ಎನ್ನುತ್ತಿದ್ದರು, ಗೊತ್ತಿತ್ತೇ?

ಇನ್ನೊಂದು. ಹೊನವಾಡದ ಮುರಿಗೆವ್ವ ಎಂದು ಬರೆದಿದ್ದೀಯ. ನಿನ್ನ ಸೋದರತ್ತೆಯ ಹೆಸರೂ ಅದೇ ಅಲ್ಲವೇ? ನೀನು ನನ್ನ ಕೈಕೆಳಗೆ ಸೇರಿದ ದಿನ ಒಂದು ಬುಟ್ಟಿ ದ್ರಾಕ್ಷಿ ಹೊತ್ತು ತಂದು, "ನಮ್ಮ ಹುಡುಗಿಗೆ ಜೋರ ಮಾಡಬ್ಯಾಡ್ರಿ ಸಾಹೇಬ್ರ, ಒಳಗಿಂದೊಳಗ ಅಳತಾಳ" ಎಂದು ನನಗೇ ತಾಕೀತು ಮಾಡಿ ಹೋದವಳು. ಹೊನವಾಡ ದೊಡ್ಡ ಊರು, ಆ ಹೆಸರಿನವರು ಬಹಳ ಜನ ಇದ್ದಾರು. ಸುಮ್ಮನೆ ನೆನಪಾಯಿತು, ಬರೆದೆ.

ಅಬ್ದುಲಸಮದ


ವಿಜಯಪುರ
೭ ಫೆಬ್ರುವರಿ ೨೦೨೫

ಸರ್,

ನಿಮ್ಮ ಉತ್ತರ ಇನ್ನೂ ಬಂದಿಲ್ಲ. ತಡೆಯಲಾರದೆ ಬರೆಯುತ್ತಿದ್ದೇನೆ.

ಆಪರೇಷನ್ ಆಯಿತು. ಕತ್ತಿನ ರಕ್ತನಾಳಕ್ಕೆ ತೊಡೆಯ ರಕ್ತನಾಳವನ್ನು ಸೂಕ್ಷ್ಮದರ್ಶಕದ ಕೆಳಗೆ ಹೊಲಿದೆ. ರಕ್ತ ತಡೆದಿದ್ದ ಚಿಮಟ ತೆಗೆದೆ, ಔಷಧ ಕೊಟ್ಟರು, ದೀಪ ಆರಿಸಿದರು. ಸರ್, ಅದನ್ನು ನೀವು ನೋಡಬೇಕಿತ್ತು. ಈಗ ನಮ್ಮ ಕಡೆ ಹೊಲಕ್ಕೆ ಕಾಲುವೆ ನೀರು ಬಿಟ್ಟಾಗ ಸಾಲಿನಿಂದ ಸಾಲಿಗೆ ನೆಲ ತೊಯ್ಯುತ್ತ ಹೋಗುತ್ತದಲ್ಲ, ಹಾಗೆ ಹಸಿರು ಏರಿತು. ನಾನು ಹೊಲಿದ ದಾರಿಯಲ್ಲಿ ರಕ್ತ ಹೋಗುತ್ತಿರುವುದು ನನ್ನ ಕಣ್ಣಿಗೇ ಕಂಡಿತು. ತುಟಿಯ ಮೂಲೆಗೆ ಬರುವ ಅಂಚು ಮಾತ್ರ, ಒಂದು ಬೆರಳಗಲ, ಕಪ್ಪಾಗೇ ಉಳಿಯಿತು. ಕಾಯ್ದೆ. ಏರಲಿಲ್ಲ. ಅಷ್ಟನ್ನು ಕತ್ತರಿಸಿ ಬಿಸಾಡಿದೆ. ಬರೀ ಕಣ್ಣಿಗೆ ಆ ಅಂಚು ಗುಲಾಬಿ ಬಣ್ಣಕ್ಕೇ ಕಾಣುತ್ತಿತ್ತು, ಪರದೆ ಇಲ್ಲದಿದ್ದರೆ ಹೊಲಿದೇ ಬಿಡುತ್ತಿದ್ದೆ.

ಇಲ್ಲಿಗೆ ಒಳ್ಳೆಯ ಸುದ್ದಿ ಮುಗಿಯಿತು.

ಅರುಣಕುಮಾರ ನಾಲ್ಕು ಜನ ಅತಿಥಿಗಳನ್ನು ಕರೆಸಿದ್ದರು. ಹಸಿರು ಔಷಧ, ಹಸಿರು ಗೌನು, ಹಸಿರು ಟೊಪ್ಪಿಗೆ, ಎಲ್ಲರೂ ಗಿಳಿಗಳ ಹಾಗೆ ನಿಂತಿದ್ದರು. ಮೊದಲ ಸಲ ಹಸಿರು ಏರಿದಾಗ ಅವರಲ್ಲಿ ಇಬ್ಬರು ಇನ್ನೂ ಚಪ್ಪಲಿ ಬದಲಿಸುತ್ತಿದ್ದರಂತೆ. "ಡಾಕ್ಟರ್, ಇನ್ನೊಮ್ಮೆ ಹಾಕ್ರಿ, ಇವರು ನೋಡಿಲ್ಲ" ಎಂದರು ಅರುಣಕುಮಾರ. ಔಷಧ ಮೈಯಿಂದ ಇಳಿಯಲಿ ಎಂದು ಕಾಯುತ್ತ, ಬಾಯಿ ತೆರೆದಿಟ್ಟ ಹೆಂಗಸನ್ನು ಆ ಎ.ಸಿ. ಥಂಡಿಯಲ್ಲಿ ಹಾಗೇ ಮಲಗಿಸಿಕೊಂಡು ನಿಂತೆವು. ಸಿನಿಮಾ ಎರಡನೆಯ ಆಟ!

ಮುಗಿಸಿ ಕೈ ತೊಳೆಯಲು ಹೋದರೆ, ನಾವು ಆಪರೇಷನ್ನಿಗೆ ಮುಂಚೆ ಕೈ ತೊಳೆಯುವ ತೊಟ್ಟಿಯಲ್ಲಿ ಕೆಂಪಗೆ, ನೊರೆನೊರೆಯಾಗಿ, ಅಡಿಕೆಯ ಚೂರುಗಳ ಸಮೇತ ಗುಟ್ಕಾ. ಅತಿಥಿಗಳಲ್ಲೊಬ್ಬ ಮಾಸ್ಕಿನೊಳಗೆ ಗುಟ್ಕಾ ಅಗಿಯುತ್ತಲೇ ಬಾಯಿಯ ಕ್ಯಾನ್ಸರ್ ಆಪರೇಷನ್ ನೋಡಿದ್ದಾನೆ! ನನಗೆ ಅಲ್ಲೇ ವಾಂತಿಯಾಯಿತು ಸರ್. ಅದೇ ತೊಟ್ಟಿಯಲ್ಲಿ, ಅವನದರ ಮೇಲೆಯೇ.

ರೋಗಿ ಚೆನ್ನಾಗಿದ್ದಾಳೆ. ಗಂಟಲಿಗೆ ನಳಿಕೆ ಇದೆ, ಮಾತಿಲ್ಲ. ಕಡೆಯವರಿಗೆ ಬಾಯಿ ಸ್ವಚ್ಛ ಇಡಬೇಕೆಂದು ನಾನೇ ಮತ್ತೆ ಮತ್ತೆ ಹೇಳಿದ್ದೇನೆ, ಅನ್ನದಗುಳು, ಜೊಲ್ಲು ನಿಂತರೆ ಹೊಲಿಗೆ ಕೊಳೆಯುತ್ತದೆ ಎಂದು. ಜೊತೆಗಿರುವವಳು ಜಾಣೆ, ಒಂದು ಮಾತು ತಪ್ಪದೆ ಕೇಳುತ್ತಾಳೆ.

ವಿದ್ಯಾವತಿ


ವಿಜಯಪುರ
೧೧ ಫೆಬ್ರುವರಿ ೨೦೨೫

ಸರ್,

ನಿಮ್ಮ ಕಾಗದ ತಲುಪಿತು. ಹೌದು, ಅವಳೇ. ನನ್ನ ಮುರಿಗೆವ್ವತ್ತೆ. ಜೊತೆಗಿರುವವಳು ನಮ್ಮವ್ವ ಗುರುಬಸವ್ವ. ಮೊದಲೇ ಬರೆದಿದ್ದರೆ ಸ್ವಂತದವರ ಮೇಲೆ ಕತ್ತಿ ಹಿಡಿಯಬೇಡ ಎನ್ನುತ್ತಿದ್ದಿರಿ, ಅದಕ್ಕೇ ಬರೆಯಲಿಲ್ಲ. ನಾನೂ ಬೇಡವೆಂದೇ ಇದ್ದೆ. ಹುಬ್ಬಳ್ಳಿಗೆ ಕಳಿಸುತ್ತೇನೆ ಎಂದರೆ ಅತ್ತೆ ಮಂಚದ ಮೇಲೆ ಕೂತು, "ಮಂದಿ ಕೈಯಾಗ ನನ್ನ ಮಾರಿ ಕೊಡಬ್ಯಾಡ ಲೇ ವಿದ್ದಿ. ಕೆಡಿಸಿದರ ನೀನ ಕೆಡಸು" ಎಂದಳು. ಗಂಡ ಸತ್ತು ತವರಿಗೆ ಬಂದವಳು, ನಮ್ಮಪ್ಪ ಶಂಕ್ರೆಪ್ಪ ಸಾಲಿ ಬಿಡಿಸುತ್ತೇನೆ ಎಂದಾಗ ಅಣ್ಣನ ಮುಂದೆ ನಿಂತು ನನ್ನನ್ನು ಬಸ್ಸು ಹತ್ತಿಸಿದವಳು. ಅವಳಿಗೆ ಹೇಗೆ ಇಲ್ಲವೆನ್ನಲಿ?

ಈಗ ಕೇಳಿ. ಭಾನುವಾರ ಮುಂಜಾನೆಯಿಂದ ಮಾಂಸ ಮಂಕಾಗಿದೆ. ಮುಟ್ಟಿದರೆ ತಣ್ಣಗೆ. ನಿನ್ನೆ ಮತ್ತೆ ಥಿಯೇಟರಿಗೆ ಒಯ್ದು ಹೊಲಿಗೆ ಬಿಚ್ಚಿದೆ. ಗಂಟು ಕಟ್ಟಿದ ರಕ್ತವಿಲ್ಲ, ನನ್ನ ಜೋಡಣೆ ತೆರೆದೇ ಇದೆ. ಔಷಧ ಬಿಟ್ಟರೆ ಹಸಿರು ಅರ್ಧದವರೆಗೆ ತೆವಳಿ ನಿಂತುಬಿಟ್ಟಿತು. ರಕ್ತನಾಳ ಸೆಟೆದು ದಾರದ ಹಾಗಾಗಿತ್ತು. ಬಿಸಿ ನೀರಿನ ಬಟ್ಟೆ ಇಟ್ಟು, ಸಡಿಲಿಸುವ ಔಷಧ ಹನಿಸಿದೆ. ಆಗ ಏರಿತು. ಸಂಜೆಗೆ ಬಣ್ಣ ತಿಳಿಯಾಗಿತ್ತು. ಇವತ್ತು ಮುಂಜಾನೆ ರೌಂಡ್ಸಿಗೆ ಹೋದರೆ ಮತ್ತೆ ಮಂಕು. ಮುಂಜಾನೆ ಮುಂಜಾನೆ ಯಾವ ಪಿಶಾಚಿ ಬಂದು ಅದರ ಕತ್ತು ಹಿಸುಕುತ್ತದೋ ಗೊತ್ತಿಲ್ಲ.

ನನಗೆ ಗೊತ್ತಿರುವುದು ಒಂದೇ. ಅರುಣಕುಮಾರ ತಮಾಷೆಗೆಂದು ಅವಳನ್ನು ಥಂಡಿಯಲ್ಲಿ ಮಲಗಿಸಿದ್ದೇ ಇದಕ್ಕೆ ಮೂಲ. ಎಲ್ಲರ ಎದುರಿಗೇ ಹೇಳಿದೆ: "ನಿಮ್ಮ ಅತಿಥಿಗಳಿಗೆ ತೋರಸಲಿಕ್ಕೆ ನಮ್ಮತ್ತಿ ಬಾಯಿ ಕೊಂದ್ರಿ." ಅವರ ಮುಖ ಸುಣ್ಣದ ಹಾಗಾಯಿತು. ಆಗಲಿ. ಅವರ ಸೆಂಟಿನ ವಾಸನೆ ಕೂಡ ನನಗೀಗ ಆಗದು.

ತಂಬಾಕು ಮೈಗೆ ಹೋದರೂ ರಕ್ತನಾಳ ಹೀಗೇ ಸೆಟೆಯುತ್ತದೆ, ಆ ಸಂಶಯ ನಿಮಗೆ ಬರಬಹುದು, ಮೊದಲೇ ಹೇಳಿಬಿಡುತ್ತೇನೆ. ನಾನು ಮೆಡಿಕಲ್ಲಿಗೆ ಸೇರಿದ ವರ್ಷವೇ ಅವ್ವ, ಅತ್ತೆ ಇಬ್ಬರ ಮಶೇರಿ ಡಬ್ಬಿಯನ್ನು ಗಟಾರಕ್ಕೆ ಎಸೆದೆ. "ಇನ್ನ ಮುಟ್ಟಿದರ ನಿಮ್ಮ ಕೈಲೆ ಊಟ ಮಾಡಂಗಿಲ್ಲ" ಎಂದೆ. ಅಲ್ಲಿಗೆ ಆ ಕಥೆ ಮುಗಿಯಿತು. ಆದ್ದರಿಂದ ಅದು ಬಿಟ್ಟು ಬೇರೆ ಏನಿರಬಹುದು, ಹೇಳಿ. ಅತ್ತೆ ನನ್ನ ಕಡೆಗೇ ನೋಡುತ್ತಾಳೆ, ನನಗೆ ಎದುರಿಗೆ ನಿಲ್ಲಲು ಆಗುತ್ತಿಲ್ಲ.

ವಿದ್ಯಾವತಿ


ಕಾರವಾರ
೧೪ ಫೆಬ್ರುವರಿ ೨೦೨೫

ಬೇಟಿ,

ಇದು ಮುಟ್ಟುವ ಮೊದಲೇ ಸುದ್ದಿ ತಿಳಿಯಲಿ ಎಂದು ತಬಸ್ಸುಮಳಿಗೆ ಫೋನ್ ಮಾಡಲು ಹೇಳಿದ್ದೇನೆ.

ಡಬ್ಬಿ ಎಸೆದೆ ಎಂದು ಬರೆದಿದ್ದೀಯ. ಕೇಳಿದೆ ಎಂದು ಬರೆದಿಲ್ಲ. ಮುಂಜಾನೆ ಮಂಕು, ಸಂಜೆಗೆ ತಿಳಿ. ಮುಂಜಾನೆ ನಮ್ಮ ಕಡೆಯ ಹೆಂಗಸರು ಏನು ಮಾಡುತ್ತಾರೆ? ವಿಜಯಪುರದಲ್ಲಿ ನಾನು ಬೆಳೆದ ಇಬ್ರಾಹಿಂಪುರದ ಓಣಿಯಲ್ಲಿ ರೈಲಿನ ಸದ್ದಿಗೆ ಎದ್ದು, ಕಟ್ಟೆಯ ಮೇಲೆ ಸಾಲಾಗಿ ಕೂತು, ಜಾತಿ ಮತ ಭೇದವಿಲ್ಲದೆ ಎಲ್ಲರೂ ಅದನ್ನೇ ಮಾಡುತ್ತಿದ್ದರು. ನನ್ನ ಊಹೆ ತಪ್ಪಿರಬಹುದು. ತಪ್ಪಾಗಿದ್ದರೆ ನಾನೇ ಖುಷಿಪಡುತ್ತೇನೆ. ನಾಳೆಯೇ, ರೌಂಡ್ಸಿಗಿಂತ ಬಹಳ ಮೊದಲು, ಬಿಳಿ ಕೋಟು ಇಲ್ಲದೆ ಹೋಗಿ ಅವರ ಹತ್ತಿರ ಕೂತುಕೋ. ಹೊರಗಿನವರನ್ನು ಕೇಳುವ ಎರಡು ಪ್ರಶ್ನೆ ಅವರನ್ನೂ ಕೇಳು. ಮೆತ್ತಗೆ ಕೇಳು.

ಅರುಣಕುಮಾರನಿಗೆ ಎಲ್ಲರೆದುರು ಅಂದದ್ದು ಒಳ್ಳೆಯದಾಗಲಿಲ್ಲ.

ಅಬ್ದುಲಸಮದ


ವಿಜಯಪುರ
೧೭ ಫೆಬ್ರುವರಿ ೨೦೨೫

ಸರ್,

ತಬಸ್ಸುಮ ಅಕ್ಕನ ಫೋನು ಬಂದಾಗ ಥಿಯೇಟರಿನಲ್ಲಿದ್ದೆ, ಆಮೇಲೆ ಬಂದದ್ದನ್ನು ಎತ್ತಲಿಲ್ಲ. ಯಾರ ಜೊತೆಗೂ ಮಾತು ಬೇಡವಾಗಿತ್ತು. ಈಗ ನಿಮ್ಮ ಕಾಗದ ಓದಿದೆ. ಓದಿ ಬೇಜಾರಾಯಿತು.

ನನ್ನ ಮನೆಯ ಹೆಂಗಸರ ಬಾಯಿ ನನಗೆ ಗೊತ್ತು. ಗುಟ್ಕಾ ತಿನ್ನುವ ಗಂಡಸರನ್ನು "ಹಂದಿ ಸೂಳೇಮಕ್ಕಳು" ಎಂದು ನಮ್ಮತ್ತೆ ಬೈಯುವುದನ್ನು ನೀವು ಕೇಳಿಲ್ಲ. ದಿನಾ ಎರಡು ಹೊತ್ತು ಅವಳ ಬಾಯಿಗೆ ಬಗ್ಗಿ ನೋಡುತ್ತೇನೆ. ಲವಂಗದ ವಾಸನೆ ಬಿಟ್ಟರೆ ಇನ್ನೊಂದಿಲ್ಲ. ಅವ್ವ ಲವಂಗ ಕುದಿಸಿದ ನೀರಲ್ಲಿ ಒರೆಸುತ್ತಾಳೆ. ಇಡೀ ವಾರ್ಡಿನಲ್ಲಿ ಅಷ್ಟು ಸ್ವಚ್ಛವಾದ ಬಾಯಿ ಇನ್ನೊಂದಿಲ್ಲ. ನನ್ನ ಮೇಲಿನ ತಪ್ಪನ್ನು ಒರೆಸಿ, ಅರುಣಕುಮಾರ ಅವರದನ್ನೂ ಒರೆಸಿ, ಮಾತು ಬಾರದೆ ಮಲಗಿದವಳ ಮೇಲೆ ಹಾಕುತ್ತೀರಲ್ಲ?

ಮುಂದಿನ ಅರ್ಧ ಕರ್ರಗಾಗಿದೆ. ಹಿಂದಿನ ಅರ್ಧ ಇನ್ನೂ ಜೀವ ಹಿಡಿದಿದೆ.

ನಾಳೆ ಮುಂಜಾನೆ ಹೋಗುತ್ತೇನೆ. ನಿಮ್ಮ ಮಾತು ಸುಳ್ಳೆಂದು ಬರೆಯುವುದಕ್ಕಾದರೂ ಹೋಗುತ್ತೇನೆ.

ವಿದ್ಯಾವತಿ


ಕಾರವಾರ
೨೬ ಫೆಬ್ರುವರಿ ೨೦೨೫

ವಿದ್ಯಾ ಬೇಟಿ,

ನಿನ್ನ ಕಾಗದ ಬರುತ್ತದೆಂದು ಅಂಚೆಯವನ ದಾರಿ ಕಾಯ್ದೆ. ಬರಲಿಲ್ಲ. ತಬಸ್ಸುಮ ಮಾಡಿದ ಫೋನನ್ನೂ ಎತ್ತುತ್ತಿಲ್ಲವಂತೆ. ನನ್ನ ಊಹೆ ತಪ್ಪಾಗಿ, ಮುದುಕ ನಮ್ಮ ಮನೆಯವರ ಮಾನ ಕಳೆದ ಎಂದು ಕೋಪ ಮಾಡಿಕೊಂಡಿದ್ದರೆ, ನಿನ್ನ ಕೋಪ ನ್ಯಾಯವಾದದ್ದೇ. ನಾಲ್ಕು ಬೈಗುಳ ಬರೆದು ಕಳಿಸು. ಕಿವಿ ಕೇಳದವನಿಗೆ ಬೈಯಬೇಕೆಂದರೆ ಬರೆದೇ ಬೈಯಬೇಕು.

ಸ್ವಂತದವರಿಗೆ ಆಪರೇಷನ್ ಮಾಡಬಾರದು ಎಂದು ನಾವು ಪಾಠ ಮಾಡುತ್ತಿದ್ದೆವು. ಕೈ ನಡುಗುತ್ತದೆ ಎಂದು ಕಾರಣ ಕೊಡುತ್ತಿದ್ದೆವು. ನಿನ್ನ ಕೈ ನಡುಗುವುದಿಲ್ಲ ಎಂದು ನನಗೆ ಗೊತ್ತು. ಮನೆಯವರನ್ನು ನಾವು ಏನೂ ಕೇಳುವುದಿಲ್ಲ, ಎಲ್ಲ ಗೊತ್ತಿದೆ ಅಂದುಕೊಂಡಿರುತ್ತೇವೆ. ಆ ಕಾರಣವನ್ನು ಕ್ಲಾಸಿನಲ್ಲಿ ನಾನು ಒಮ್ಮೆಯೂ ಹೇಳಲಿಲ್ಲ, ನನಗೇ ಹೊಳೆದಿರಲಿಲ್ಲ.

ನಿನ್ನ ಅತ್ತೆ ಹೇಗಿದ್ದಾಳೆ ಎಂದು ಒಂದು ಸಾಲು ಬರೆ.

ಅಬ್ದುಲಸಮದ


ವಿಜಯಪುರ
೯ ಮಾರ್ಚ್ ೨೦೨೫

ಪೂಜ್ಯ ಸರ್,

ಮೊದಲು ನೀವು ಕೇಳಿದ ಸಾಲು: ಅತ್ತೆ ಬದುಕಿದ್ದಾಳೆ, ಬಾಯಿ ಉಳಿದಿದೆ. ನಾನು ಇಟ್ಟ ಮಾಂಸ ಉಳಿಯಲಿಲ್ಲ. ಹೋದ ವಾರ ಅರುಣಕುಮಾರ ಎದೆಯ ಮಾಂಸವನ್ನು ತಿರುಗಿಸಿ ತಂದು ಕೂಡಿಸಿದರು. ಹಿಡಿದಿದೆ. ತುಟಿ ಒಂದು ಕಡೆಗೆ ಜಗ್ಗುತ್ತದೆ, ಜೊಲ್ಲು ಸೋರುತ್ತದೆ, ಅದು ಇರುವುದೇ. ರೊಟ್ಟಿಯನ್ನು ಹಾಲಲ್ಲಿ ನೆನೆಸಿ ತಿಂದಾಳು. ಮಾತು ಬರುತ್ತದೆ, ತೊದಲು.

ನಿಮ್ಮ ಊಹೆ ತಪ್ಪಾಗಿರಲಿಲ್ಲ. ಬರೆಯದೆ ಇದ್ದದ್ದು ಕೋಪಕ್ಕಲ್ಲ ಸರ್. ನಾಚಿಕೆಗೆ.

ಆ ಮುಂಜಾನೆ ಕೋಟು ಹಾಕದೆ ಹೋದೆ. ಹೊರಗೆ ಇನ್ನೂ ಕಸ ಗುಡಿಸುತ್ತಿದ್ದರು. ವಾರ್ಡಿನ ಮೂಲೆಯಲ್ಲಿ ಅವ್ವ ಅತ್ತೆಯ ಕೆಳಗೆ ಟವೆಲ್ ಹಾಸಿ, ಅವಳ ತಲೆಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡಿದ್ದಳು. ತೋರುಬೆರಳು ಕಪ್ಪಗಿತ್ತು. ಉಳಿದ ಒಸಡಿನ ಮೇಲೆ, ಹೊಲಿಗೆಗೆ ತಾಗದ ಹಾಗೆ, ಮೆಲ್ಲಗೆ, ಕೂಸಿಗೆ ಬೆಣ್ಣೆ ಸವರಿದಂತೆ ಉಜ್ಜುತ್ತಿದ್ದಳು. ಕಪ್ಪು ಜೊಲ್ಲು ಕೆನ್ನೆಯ ಮೇಲಿಂದ ಇಳಿದು ಗಂಟಲ ನಳಿಕೆಯ ಪಟ್ಟಿಗೆ ಹತ್ತಿತ್ತು. ಅರ್ಧ ಕೊಳೆತ ಮಾಂಸದ ನಾತ, ಅದರ ಮೇಲೆ ಸುಟ್ಟ ತಂಬಾಕಿನ ಘಾಟು. ಪಕ್ಕದಲ್ಲಿ ಲವಂಗದ ನೀರಿನ ಬಟ್ಟಲು ಒರೆಸಲು ಸಿದ್ಧವಾಗಿತ್ತು.

ನಾನು ಏನೆಲ್ಲ ಕೂಗಿದೆನೋ ನೆನಪಿಲ್ಲ. "ಹೊಲಸ ಮುದಿಕ್ಯಾರ" ಎಂದದ್ದು ನೆನಪಿದೆ. ಇಡೀ ವಾರ್ಡು ಎದ್ದು ಕೂತಿತು. ಅವ್ವ ಬೆರಳು ಸೆರಗಿಗೆ ಒರೆಸಿಕೊಳ್ಳುತ್ತ, "ನೀನ ಹೇಳಿದ್ದಲ್ಲ, ಬಾಯಿ ಸ್ವಚ್ಛ ಇಡ್ರಿ ಅಂತ? ಮಶೇರಿ ಇಲ್ಲದ ಬಾಯಿ ಹೆಂಗ ಸ್ವಚ್ಛ ಆಗತೈತಿ? ಆಕೀಗೆ ತಲಿ ಸಿಡ್ಯಾಕತ್ತಿತ್ತು, ತಿಕ್ಕಿದ ಮ್ಯಾಲೆ ಕಣ್ಣ ಹತ್ತಾವ" ಎಂದಳು. ಕದ್ದು ಮಾಡಿದ್ದೇಕೆಂದು ಕೇಳಿದೆ. "ನಿನಗ ಹೇಸಿಗಿ ಬರತೈತಿ ಅಂತ ನೀ ಬರೂದ್ರೊಳಗ ತೊಳದು ಬಿಡತಿದ್ದೆ ನಮ್ಮವ್ವಾ" ಎಂದಳು. ನಾನು ಡಬ್ಬಿ ಎಸೆದ ಮರುದಿನವೇ ಹೊಸದು ತಂದಿದ್ದರಂತೆ. ಇಷ್ಟು ವರ್ಷ ನಾನು ಮನೆಗೆ ಬರುವ ಬಸ್ಸಿನ ಹೊತ್ತು ನೋಡಿ ಬಾಯಿ ತೊಳೆದು, ಲವಂಗ ಅಗಿದು ಕೂಡುತ್ತಿದ್ದರಂತೆ. ಅತ್ತೆಯ ಒಸಡಿನಲ್ಲಿ ಹುಣ್ಣಾದಾಗಲೂ, ವಿದ್ಯಾ ನೋಡಿದರೆ ಗೊತ್ತಾಗುತ್ತದೆ ಎಂದು ತಿಂಗಳುಗಟ್ಟಲೆ ಮುಚ್ಚಿಟ್ಟಿದ್ದರು ಸರ್. ನನಗೇ ಮುಚ್ಚಿಟ್ಟರು. ಊರಿನ ಎಲ್ಲರ ಬಾಯಿ ನೋಡುವವಳಿಗೆ.

ಅದಾದ ಮೇಲೆ ಮಶೇರಿ ನಿಲ್ಲಿಸಿದರೂ ಮಾಂಸ ಚೇತರಿಸಿಕೊಳ್ಳಲಿಲ್ಲ. ಅರುಣಕುಮಾರರ ಕೋಣೆಗೆ ಹೋದೆ. ತಪ್ಪಾಯಿತು ಎಂದು ಹೇಳುವುದನ್ನು ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಅರ್ಧಕ್ಕೇ ತಡೆದು, "ಅತಿಥಿಗಳನ್ನ ಕರದಿದ್ದು ನನ್ನ ತಪ್ಪ ಹೌದಲ್ರಿ. ಅದು ಇರಲಿ, ನಡೀರಿ, ನಿಮ್ಮತ್ತಿನ್ನ ನೋಡೂಣು" ಎಂದರು. ಎರಡನೆಯ ಆಪರೇಷನ್ನಿನಲ್ಲಿ ಥಿಯೇಟರಿನ ಬಾಗಿಲು ಒಳಗಿಂದ ಹಾಕಿಸಿದರಂತೆ. ನಾನು ಒಳಗಿರಲಿಲ್ಲ. ಅವ್ವನ ಜೊತೆ ಹೊರಗಿನ ಬೆಂಚಿನ ಮೇಲಿದ್ದೆ. ಹೊರಗೆ ಬಂದು, "ಅಂಚಿನ ತನಕ ಹಸಿರ ಏರಿತ್ರಿ" ಎಂದರು. ಅವ್ವ ನನ್ನನ್ನು, "ಹಸಿರ ಅಂದರ ಒಳ್ಳೇದೋ ಕೆಟ್ಟದೋ?" ಎಂದು ಕೇಳಿದಳು. ಇಷ್ಟು ದಿನದಲ್ಲಿ ಅದನ್ನೂ ನಾನು ಅವಳಿಗೆ ಹೇಳಿರಲಿಲ್ಲ.

ಇದೆಲ್ಲಕ್ಕಿಂತ ನಿಮಗೆ ಹೇಳಬೇಕಾದದ್ದು ಆ ಆಪರೇಷನ್ನಿನ ಹಿಂದಿನ ದಿನದ್ದು.

ಅತ್ತೆ ನನ್ನ ಕಡೆ ನೋಡುವುದನ್ನು ಬಿಟ್ಟಿದ್ದಳು. ನಾನು ಹೋದರೆ ಗೋಡೆಯ ಕಡೆ ತಿರುಗುತ್ತಿದ್ದಳು. ನೀವು ಬರೆದ ಹಾಗೆ, ಹೊರಗಿನವರನ್ನು ಕೇಳುವಂತೆ ಕೇಳೋಣವೆಂದು ಸ್ಟೂಲ್ ಎಳೆದುಕೊಂಡು ಕೂತೆ.

"ಅತ್ತಿ, ತಂಬಾಕು ತಿಂತಿ?"

ಗೋಡೆಯ ಕಡೆಯಿಂದಲೇ ಜೋರಾಗಿ ತಲೆ ಅಲ್ಲಾಡಿಸಿದಳು. ತಿನ್ನುವುದಿಲ್ಲ.

"ಮಶೇರಿ ತಿಕ್ಕತಿ?"

ಈ ಸಲ ಮೆಲ್ಲಗೆ, ಹೂಂ ಎಂಬಂತೆ ತಲೆ ಆಡಿತು.

"ನಾ ಡಾಕ್ಟರ್ ಅದೇನಿ. ನಿನ್ನ ಮನಿ ಮಗಳು ಅದೇನಿ. ನನ್ನ ಮುಂದ ಯಾಕ ಹೇಳಲಿಲ್ಲ?"

ಆಗ ತಿರುಗಿದಳು. ಕಣ್ಣಲ್ಲಿ ನೀರಿರಲಿಲ್ಲ, ಸಿಟ್ಟಿತ್ತು. ಸಲಾಯಿನ್ ಸೂಜಿ ಚುಚ್ಚಿದ ಕೈ ಎತ್ತಿದಳು. ಹೊಡೆಯುತ್ತಾಳೆ ಎಂದುಕೊಂಡೆ, ಹೊಡೆಯಲಿ ಎಂದು ಮುಖ ಹತ್ತಿರ ಒಯ್ದೆ. ಅತ್ತೆ ಎರಡು ಬೆರಳಿನಿಂದ ನನ್ನ ಮೂಗನ್ನು ಗಟ್ಟಿಯಾಗಿ ಹಿಡಿದು ಮುಚ್ಚಿದಳು. ನನ್ನ ಹುಬ್ಬುಗಳನ್ನು ನೋಡುತ್ತ, ತನ್ನ ಹುಬ್ಬನ್ನು, ಹೇಸಿಗೆಯಾದಾಗ ನಾನು ಮಾಡುವ ಹಾಗೆಯೇ, ಗಂಟಿಕ್ಕಿ ತೋರಿಸಿದಳು.

ಬಿಡಲಿಲ್ಲ. ನಾನೂ ಬಿಡಿಸಿಕೊಳ್ಳಲಿಲ್ಲ. ಅವಳ ಮುಖ ನನ್ನ ಮುಖಕ್ಕೆ ಅಷ್ಟು ಹತ್ತಿರ ಇತ್ತು. ಉಸಿರು ಕಟ್ಟತೊಡಗಿದ ಮೇಲೆ, ಬೇರೆ ದಾರಿ ಇಲ್ಲದೆ, ಬಾಯಿ ತೆರೆದೆ.

ವಿದ್ಯಾವತಿ